ಬೆಂಚಿನ ಕೆಳಗಿನ ದನಿ

ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಬೆಂಚು ಎತ್ತಿದರು. ಮೂರು ಮೂಲೆ ಎದ್ದವು. ನಾಲ್ಕನೆಯದು ಗೋಡೆಗೇ ಅಂಟಿಕೊಂಡಂತೆ ಹಟ ಹಿಡಿಯಿತು.

"ಏನೋ ಸಿಗಾಕ್ಕಂಡೈತೆ ಕಣ್ರಪ್ಪ," ಎಂದ ಮೂರ್ತಪ್ಪ.

"ಎಳೀರಿ ಅತ್ಲಾಗೆ. ಕೂರಿಸಿ ಇಬೂತಿ ಹಚ್ಚಬೇಕು. ಎಷ್ಟೊತ್ತು ಅಂತ ನೆಲದ ಮ್ಯಾಲೆ ಬಿಡಾದು?" ಎಂದರು ತಿಮ್ಮರಾಯಪ್ಪ. ಆ ಬೀದಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ಕಾರ್ಯ ನಡೆಸುವ ಹಿರಿಯರು ಅವರು.

ಮೂರ್ತಪ್ಪ ಕಾಲೂರಿ ಜಗ್ಗಿದ. ಪಟ್ ಎಂದು ಸದ್ದಾಯಿತು. ಬೆಂಚು ಕಿತ್ತುಬಂತು, ಜೊತೆಗೆ ಒಂದು ಕಪ್ಪು ವೈರು ಬಾಲದಂತೆ ನೇತಾಡುತ್ತ ಬಂತು.

ಒಲೆಯ ಹತ್ತಿರ ಹೆಂಗಸರ ನಡುವೆ ಕೂತಿದ್ದ, ಸತ್ತವನ ಹೆಂಡತಿ ಸಿದ್ದಕ್ಕ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಎದ್ದು ಚೀರಿದಳು. "ಬೆಂಚು ಬ್ಯಾಡ್ರೋ! ಬೆಂಚು ಕೀಳಬ್ಯಾಡ್ರೋ!"

"ಅಳ್ಲಿ ಬಿಡ್ರಿ. ಈಗ್ಲಾದ್ರೂ ದುಕ್ಕ ಹೊರಗೆ ಬಂತಲ್ಲ," ಎಂದು ಹೆಂಗಸರು ಅವಳನ್ನು ಹಿಡಿದು ಕೂರಿಸಿದರು.

ಬೆಂಚನ್ನು ಪಡಸಾಲೆಗೆ ತಂದು ಗೋಡೆಗೆ ಆನಿಸಿದರು. ಬಗ್ಗಿ ನೋಡಿದ ಒಬ್ಬ, "ಅಯ್ಯೋ, ಹಲಗೆ ಅಡಿಗೆ ಸ್ಪೀಕರು ಬಿಗಿದವ್ನೆ!" ಎಂದ.

"ರೇಡಿಯೋ ಹುಚ್ಚ ಕಣಪ್ಪ. ಬೆಂಚಿಗೂ ಹಾಡು ಕಲಿಸಿದ್ದ," ಎಂದರು ತಿಮ್ಮರಾಯಪ್ಪ. ಸಾವಿನ ಮನೆಯಾದರೂ ಒಂದಿಬ್ಬರು ಟವೆಲ್ಲು ಬಾಯಿಗೆ ಒತ್ತಿಕೊಂಡರು.

ಕಾಟಲಿಂಗಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಬಿದ್ದುಹೋಗದಂತೆ ಪಂಚೆಯಿಂದ ಗೂಟಕ್ಕೆ ಬಿಗಿದು, ಹಣೆಗೆ ತೋಳಿಗೆ ಇಬೂತಿ ಬಳಿದರು. ನಿನ್ನೆ ಸಂಜೆ ಜಿನ್ನಿಂಗ್ ಮಿಲ್ಲಿನಿಂದ ಬಂದು ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ಹತ್ತಿ ಅಂಡಿಗೆ ಹೊತ್ತೇ ಬದುಕಿದ ಆಳು. ಮಕ್ಕಳಿಲ್ಲ. ಇದ್ದದ್ದು ಹೆಂಡತಿ, ಒಬ್ಬ ತಮ್ಮ, ಗೂಡಿನಲ್ಲಿ ಒಂದು ಹಳೇ ವಾಲ್ವ್ ರೇಡಿಯೋ.

ತಮ್ಮ ಮೂರ್ತಪ್ಪ ಬೆಳಗಿನ ಬಸ್ಸಿಗೆ ಜವನಗೊಂಡನಹಳ್ಳಿಯಿಂದ ಬಂದಿದ್ದ. ಬಂದ ಗಳಿಗೆಯಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಅತ್ತಿಗೇನ ನಾನು ಕರ್ಕಂಡು ಹೋಗ್ತೀನಿ. ಒಬ್ಬಳೇ ಇಲ್ಲಿ ಏನ್ಮಾಡ್ತಾಳೆ?"

"ಅವಳನ್ನೂ ಒಂದು ಮಾತು ಕೇಳಾಣ," ಎಂದು ತಿಮ್ಮರಾಯಪ್ಪ ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿದರು. "ಮೂರ್ತಪ್ಪನ ಜೊತೆ ಹೋಗ್ತೀಯೇನಮ್ಮಾ?"

ಸಿದ್ದಕ್ಕನ ಕಣ್ಣು ಬೆಂಚಿನ ಮೇಲಿತ್ತು. ತಲೆ ಆಡಿಸಿದಳು.

"ಆತಲ್ಲ, ಒಪ್ಪಿದಳು," ಎಂದರು ತಿಮ್ಮರಾಯಪ್ಪ. ಎಲ್ಲರಿಗೂ ಸಮಾಧಾನವಾಯಿತು.

*

ಸಿದ್ದಕ್ಕನೂ ಅದೇ ಮಿಲ್ಲಿನವಳು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಬಾಯಿಗೆ ಹತ್ತಿ ಕೊಡುವ ಕೆಲಸ. ಆ ಯಂತ್ರಗಳ ನಡುವೆ ಪಕ್ಕದವಳಿಗೆ ನೀರು ಬೇಕೆಂದರೂ ಕೈಸನ್ನೆ ಮಾಡಬೇಕು. ಮದುವೆಯಾದ ಹೊಸದರಲ್ಲಿ, ಸಂಜೆ ಮನೆಗೆ ಬಂದಮೇಲೂ ಕಿವಿಯಲ್ಲಿ ಮಿಲ್ಲು ಓಡುತ್ತದೆ ಎಂದು ನಗುತ್ತಿದ್ದಳು. ಆಮೇಲೆ ಕಿವಿಯೊಳಗೆ ಮಿಲ್ಲು ಓಡುವುದು ನಿಂತಿತು. ಅದರ ಜೊತೆಗೆ ಕೋಳಿ ಕೂಗುವುದು, ಬಾಗಿಲು ಬಡಿಯುವುದು, ಗಂಡ ಕರೆಯುವುದು ಎಲ್ಲವೂ ನಿಂತವು. ಕಿವಿ ಹೋದವರ ಅಭ್ಯಾಸದಂತೆ, ಯಾರು ಏನು ಕೇಳಿದರೂ ತಲೆ ಆಡಿಸುವುದನ್ನು ಕಲಿತಳು. ಜನಕ್ಕೂ ಅಷ್ಟೇ ಸಾಕಾಗಿತ್ತು.

ಕಾಟಲಿಂಗಪ್ಪ ಆ ರೇಡಿಯೋ ಕೊಂಡದ್ದು ಅದಾದಮೇಲೆ. ಕಿವುಡಿಯ ಮನೆಗೆ ರೇಡಿಯೋ ತಂದ ಎಂದು ಬೀದಿಗೆ ಬೀದಿಯೇ ನಕ್ಕಿತು. ಅವನು ಅದನ್ನು ತಂದದ್ದಷ್ಟೇ ಅಲ್ಲ, ಸುಮ್ಮನಿರಲೂ ಬಿಡಲಿಲ್ಲ. ಒಂದು ವರ್ಷ ವಾಲ್ವು ಬದಲಾಯಿಸಿದ. ಇನ್ನೊಂದು ವರ್ಷ ಸಂತೆಪೇಟೆಯ ರಿಪೇರಿಯವನ ಮುಂದೆ ಕೂತು ದನಿ ಹೆಚ್ಚಿಸುವ ಏನನ್ನೋ ಹಾಕಿಸಿದ. ಹೊಳಲ್ಕೆರೆಯಲ್ಲಿ ಟೂರಿಂಗ್ ಟಾಕೀಸ್ ಮುಚ್ಚಿದಾಗ ಬಸ್ಸಿನ ಟಾಪಿನ ಮೇಲೆ ಅವರ ಸ್ಪೀಕರು ಹಾಕಿಕೊಂಡು ಬಂದ.

ಹೋದ ದೀಪಾವಳಿಗೆ ಬಂದಿದ್ದಾಗ ಮೂರ್ತಪ್ಪ ತನ್ನ ಹೊಸ ಟ್ರಾನ್ಸಿಸ್ಟರನ್ನು ಹೆಗಲಿಗೆ ನೇತುಹಾಕಿಕೊಂಡೇ ಬಂದಿದ್ದ. "ಆ ಹಳೇ ಡಬ್ಬಕ್ಕೆ ಎಷ್ಟು ತೇಪೆ ಹಾಕ್ತೀಯಣ್ಣ? ಅತ್ಲಾಗೆ ಮಾರಿ ಇಂಥದೊಂದು ತಗಾ. ಹೊಲಕ್ಕೂ ಒಯ್ಯಬೋದು."

ಕಾಟಲಿಂಗಪ್ಪ ಟ್ರಾನ್ಸಿಸ್ಟರನ್ನು ಬೆಂಚಿನ ಮೇಲಿಟ್ಟು, ಹಲಗೆಯ ಮೇಲೆ ಅಂಗೈ ಊರಿ ನೋಡಿದ. "ಚೆನ್ನಾಗೈತೆ. ಆದ್ರೆ ಇದ್ರ ದನಿ ಹಲಗೇಗೆ ಹತ್ತಲ್ಲ ಕಣೋ," ಎಂದು ವಾಪಸ್ಸು ಕೊಟ್ಟ.

ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಮೂರ್ತಪ್ಪನಿಗೆ ಅನ್ನಿಸಿದ್ದೇ ಆಗ. ಸಂಜೆ ಪೇಟೆಯಿಂದ ಬಂದು ನೋಡಿದರೆ ಅದಕ್ಕೂ ಮಿಗಿಲು. ಅತ್ತಿಗೆ ಬೆಂಚಿನ ಮೇಲೆ ಕಿವಿ ಅಡಿಗಾಗಿ ಮಲಗಿದ್ದಾಳೆ. ಅಣ್ಣ ಅವಳಿಗೆ ಬೆನ್ನು ಹಾಕಿ, ರೇಡಿಯೋಕ್ಕೆ ಮುಖ ಕೊಟ್ಟು, ಒಬ್ಬನೇ ಗೊಣಗುತ್ತಿದ್ದಾನೆ. ತಮ್ಮನನ್ನು ಕಂಡದ್ದೇ ಕೈಯಲ್ಲಿದ್ದುದನ್ನು ನಾಚಿಕೊಂಡು ಟವೆಲ್ಲಿನೊಳಗೆ ಸೇರಿಸಿದ.

ಊರಿಗೆ ಹೋಗಿ ಮೂರ್ತಪ್ಪ ಎಲ್ಲರಿಗೂ ಹೇಳಿದ: "ಗಂಡ ಹೆಂಡ್ತಿಗೆ ಮಾತಿಲ್ಲ. ಅವ್ನು ಡಬ್ಬದ ಜೊತೆ, ಅವ್ಳು ಗೋಡೆ ಜೊತೆ."

*

ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕಾಲು ತೊಳೆದು, ಬೆಂಚಿನ ಮುಂದೆ ಹಚ್ಚಿಟ್ಟ ದೀಪ ನೋಡಿ ಹೊರಟರು. ತಿಮ್ಮರಾಯಪ್ಪ ಹೊಸ್ತಿಲು ದಾಟುವಾಗ ತಿರುಗಿದರು. "ಮೂರು ದಿನ ಬೆಂಚು ಅಲ್ಲೇ ಇರ್ಲಿ. ಹೆಣ ಕುಂತ ಜಾಗ, ಕದಲಿಸಬ್ಯಾಡ್ರಿ."

ಪಕ್ಕದ ಮನೆಯ ನಿಂಗಕ್ಕ ಮುದ್ದೆ ಸಾರು ತಂದಿಟ್ಟಳು. ಸಿದ್ದಕ್ಕ ತಟ್ಟೆ ಮುಟ್ಟಲಿಲ್ಲ. ಕಿತ್ತ ವೈರಿನ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುರಿದ ಬಳೆ ಕೂಡಿಸುವವಳಂತೆ ಬೆರಳಲ್ಲಿ ತಿರುವುತ್ತಿದ್ದಳು.

"ಅತ್ತಿಗೆ, ಒಂದು ತುತ್ತು ತಿನ್ನು," ಎಂದು ಮೂರ್ತಪ್ಪ ಕೂಗಿದ. ಅವಳು ತಲೆ ಆಡಿಸಿ ಹಾಗೇ ಕೂತಳು.

"ಕೂಗಬ್ಯಾಡ," ಎಂದಳು ನಿಂಗಕ್ಕ. "ಇಬ್ರಿಗೂ ಮಾತಿಲ್ಲ ಅಂತ ಡಂಗೂರ ಹೊಡ್ಸಿದೋನು ನೀನೇ ಅಲ್ವಾ?"

"ಕಣ್ಣಾರೆ ಕಂಡೆನಲ್ಲವ್ವ."

"ಕಂಡೆ, ಕೇಳಿಸ್ಕಳ್ಲಿಲ್ಲ. ಈ ಗೋಡೆಯಾಚೆ ನನಗೆ ದಿನಾ ಅವನ ಮಾತು ಕೇಳ್ತಿತ್ತು. ಮಿಲ್ಲಲ್ಲಿ ಯಾರು ಯಾರ ಜೊತೆ ಜಗಳ ಆಡಿದ್ರು, ಸಂತೇಲಿ ಬದನೆಕಾಯಿ ಹೆಂಗಿತ್ತು, ನಾನು ಸಾರಿಗೆ ಉಪ್ಪು ಜಾಸ್ತಿ ಹಾಕ್ತೀನಿ ಅಂತ್ಲೂ ಹೇಳಿದ್ದ, ಮೂಳ! ಕಿವೀಲಿ ಕೇಳ್ದಿದ್ರೇನು, ಹಲಗೆ ನಡುಗಿದ್ರೆ ಅವಳ ತಲೆಬುರುಡೆಗೆ ಮಾತು ಹತ್ತುತ್ತೆ. ಹೋಗಿ ಆ ಟವೆಲ್ಲು ಬಿಚ್ಚಿ ನೋಡು."

ರೇಡಿಯೋದ ಹಿಂದೆ ಟವೆಲ್ಲು ಇತ್ತು. ಅದರೊಳಗೆ ಬಾಡಿಗೆ ಮೈಕ್‌ಸೆಟ್ಟಿನವರು ಬಿಸಾಕಿದ್ದ ಒಂದು ಹಳೇ ಮೈಕು. ತಗ್ಗು ಬಿದ್ದ ಅದರ ಮೂತಿಗೆ ಸೀರೆಯ ಚೂರು ಕಟ್ಟಿತ್ತು. ವೈರು ರೇಡಿಯೋದ ಬೆನ್ನಿಗೆ ಹೋಗಿತ್ತು.

ಮೂರ್ತಪ್ಪ ಅದನ್ನು ತಿರುಗಿಸಿ ನೋಡಿ ಇದ್ದಲ್ಲೇ ಇಟ್ಟ. ಆಮೇಲೆ ಪಡಸಾಲೆಗೆ ಬಂದು ದೀಪವನ್ನು ಒಂದು ಪಕ್ಕಕ್ಕೆ ಸರಿಸಿ, ಬೆಂಚಿಗೆ ಕೈ ಹಾಕಿದ.

"ಮೂರು ದಿನ ಕದಲಿಸಬ್ಯಾಡ ಅಂದ್ರಲ್ಲೋ!" ಎಂದಳು ನಿಂಗಕ್ಕ.

"ಮೂರು ದಿನ ಇವಳು ಯಾರ ಜೊತೆ ಮಾತಾಡ್ಬೇಕು? ಹಿಡ್ಕ ಆ ಕಡೆ."

ನಿಂಗಕ್ಕನಿಗಿಂತ ಮೊದಲು ಸಿದ್ದಕ್ಕ ಬಂದು ಹಿಡಿದಳು.

ಬೆಂಚು ತನ್ನ ಜಾಗಕ್ಕೆ ಬಂತು. ಮೂರ್ತಪ್ಪ ನೆಲದ ಮೇಲೆ ಕೂತು, ಬೇಲಿಯ ತಂತಿ ಹೊಸೆಯುವಂತೆ ವೈರಿನ ಎಳೆಗಳನ್ನು ಹೊಸೆದ. ಒಂದು ಎಳೆ ಕೂಡಿತು. ಇನ್ನೊಂದು ತುಂಡು ತುಂಡಾಗಿ ಮುರಿಯುತ್ತ, ಹೆಬ್ಬೆರಳಲ್ಲಿ ಒತ್ತಿ ಹಿಡಿದರಷ್ಟೇ ನಿಲ್ಲುತ್ತಿತ್ತು. ನಿಂಗಕ್ಕ ರೇಡಿಯೋದ ಗುಂಡಿ ತಿರುಗಿಸಿ, ಒಲೆಯ ಮೇಲೆ ಏನೋ ಬಿಟ್ಟುಬಂದಿದ್ದೇನೆ ಎಂದು ಮನೆಗೆ ಹೋದಳು. ವಾಲ್ವು ಬಿಸಿಯೇರುವ ತನಕ ಇಬ್ಬರೂ ಕಾದರು. ನಿಧಾನವಾಗಿ ರೇಡಿಯೋದ ಹಸಿರು ದೀಪದ ಕಣ್ಣು ತೆರೆಯಿತು.

ಸಿದ್ದಕ್ಕ ಬೆಂಚಿನ ಮೇಲೆ ಕಿವಿ ಅಡಿಗಾಗಿ ಮಲಗಿದಳು.

ಒಂದು ಕೈಯಲ್ಲಿ ವೈರು, ಇನ್ನೊಂದು ಕೈಯಲ್ಲಿ ಮೈಕು. ಮೂರ್ತಪ್ಪ ಬಾಯಿ ತೆರೆದ. ಇಷ್ಟು ವರ್ಷದಲ್ಲಿ ಅತ್ತಿಗೆಗೆ ಮೆಲ್ಲಗೆ ಏನಾದರೂ ಹೇಳಿದ ನೆನಪಿಲ್ಲ ಅವನಿಗೆ.

"ಅತ್ತಿಗೆ," ಎಂದ. ಬೆಂಚು ಸಣ್ಣಗೆ ಗುಂಯ್ ಎಂದಿತು. "ಊಟ ಮಾಡು."

ಅವಳ ಮುಖದಲ್ಲಿ ಏನೋ ಎದ್ದು ಹಾಗೇ ಇಳಿಯಿತು. "ಮೂರ್ತಪ್ಪನಾ? ದನಿ ನಿಮ್ಮಣ್ಣನ ಹಂಗೇ ಐತೆ. ಆದ್ರೆ ಅವ್ರು ಮೊದ್ಲು ಕೆಮ್ಮೋರು. ನಾನು ಹೆದರ್ಕತೀನಿ ಅಂತ."

ಮೂರ್ತಪ್ಪ ಮೈಕನ್ನು ಇನ್ನೂ ಹತ್ತಿರ ತಂದು ಕೇಳಿದ: "ನಮ್ಮೂರಿಗೆ ಬರ್ತೀಯಾ? ನನ್ನ ಜೊತೆ?"

ಈ ಸಲ ಅವಳು ತಲೆ ಆಡಿಸಲಿಲ್ಲ. ದಿನವೆಲ್ಲ ಎಲ್ಲರೂ ಏನು ಕೇಳುತ್ತಿದ್ದರು ಎಂಬುದು ಈಗ ತಿಳಿದವಳಂತೆ ಯೋಚಿಸಿದಳು.

"ನಿಮ್ಮನೇಲಿ ಕರೆಂಟು ಐತಾ?"

ಮೂರ್ತಪ್ಪನದು ಹೊಲದ ನಡುವಿನ ಒಂಟಿ ಮನೆ. ಬುಡ್ಡಿ ದೀಪ, ಒಂದು ಲಾಟೀನು, ಮೊಳೆಗೆ ನೇತುಹಾಕಿದ ಟ್ರಾನ್ಸಿಸ್ಟರು. ಇಲ್ಲ ಎನ್ನಬೇಕು. ಮೈಕಿನ ಹತ್ತಿರವೇ ಒಮ್ಮೆ ಕೆಮ್ಮಿದ.

ಸಿದ್ದಕ್ಕ ಕಣ್ಣು ಮುಚ್ಚಿದಳು. ಹಲಗೆಯ ಮೇಲೆ ಉದುರಿದ್ದ ಇಬೂತಿ ಅವಳ ಕೆನ್ನೆಗೆಲ್ಲ ಮೆತ್ತಿಕೊಂಡಿತ್ತು. ಮುಂದಿನ ಮಾತಿಗೆ ಕಾಯುತ್ತ ಅವಳು ಹಾಗೇ ಮಲಗಿದ್ದಳು. ಮರಗಟ್ಟುತ್ತಿದ್ದ ಹೆಬ್ಬೆರಳನ್ನು ಮೂರ್ತಪ್ಪ ವೈರಿನ ಮೇಲಿಂದ ತೆಗೆಯಲಿಲ್ಲ.