ಊದಿ ತೋರಿಸಿ

ನನ್ನ ಗಂಡ ಗುರುಪ್ರಸಾದ ಮೂವತ್ತೊಂದು ವರ್ಷ ಸಿಗರೇಟು ಸೇದಿದವರು. ಆ ಮೂವತ್ತೊಂದು ವರ್ಷಗಳಲ್ಲಿ ಒಂಬತ್ತು ಸಲ ಬಿಟ್ಟವರೂ ಹೌದು. ಯುಗಾದಿಗೆ ಬಿಟ್ಟಿದ್ದಾರೆ, ಮಗಳು ಹುಟ್ಟಿದಾಗ ಬಿಟ್ಟಿದ್ದಾರೆ, ಅದೇ ಮಗಳು ಕಾಲೇಜು ಸೇರಿದಾಗ ಮತ್ತೊಮ್ಮೆ ಬಿಟ್ಟಿದ್ದಾರೆ. ಹಾಗಾಗಿ ಡಿಸೆಂಬರಿನಲ್ಲಿ ಹತ್ತನೇ ಸಲ "ಬಿಟ್ಟೆ ಕಣೇ" ಅಂದಾಗ ನಾನು ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಎಣಿಕೆ ತಪ್ಪಿಸಿಕೊಳ್ಳಲಿಲ್ಲ.

ಆದರೆ ಈ ಸಲ ಬಿಡಲೇಬೇಕಿತ್ತು. ಹೊಟ್ಟೆಯ ಹಳೇ ಆಪರೇಷನ್ನಿನ ಜಾಗದಲ್ಲಿ ಹರ್ನಿಯಾ ಆಗಿ, ಎದ್ದು ನಿಂತರೆ ಚಿಕ್ಕ ತೆಂಗಿನಕಾಯಿಯಷ್ಟು ಉಬ್ಬುತ್ತಿತ್ತು. ಮೈಸೂರು ಬಿಟ್ಟು ಈ ಪರದೇಶಕ್ಕೆ ಬಂದು ಲೀಕ್ಸ್‌ಲಿಪ್ಪಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆ ನಿಂತೇ ಕೆಲಸ ಮಾಡುತ್ತಿದ್ದ ಮನುಷ್ಯ ಈಗ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಮೇಜಿನ ಮುಂದೆ ಕೂತು ಫಾರಂ ತುಂಬುತ್ತಿದ್ದರು. ಆಪರೇಷನ್ನಿಗೆ ಹದಿನಾರು ತಿಂಗಳು ಕಾದ ಮೇಲೆ ಕರೆ ಬಂತು. ಸರ್ಜನ್ ಒಂದೇ ಷರತ್ತು ಹಾಕಿದರು. ಆರು ವಾರ ಒಂದೂ ಸಿಗರೇಟು ಮುಟ್ಟಬಾರದು. ಸೇದುವವರ ಗಾಯ ಸರಿಯಾಗಿ ಮಾಯುವುದಿಲ್ಲ, ಕೆಮ್ಮಿದರೆ ಒಳಗಿನ ಹೊಲಿಗೆ ಉಳಿಯುವುದಿಲ್ಲ. ಆಪರೇಷನ್ನಿಗೆ ಮುಂಚಿನ ತಪಾಸಣೆಯ ದಿನ ಒಂದು ಯಂತ್ರಕ್ಕೆ ಊದಬೇಕು, ಉಸಿರಿನಲ್ಲಿ ಹೊಗೆಯ ವಿಷಾನಿಲ ಎಷ್ಟಿದೆ ಎಂದು ಅದು ತೋರಿಸುತ್ತದೆ. ಏಳು ದಾಟಿದರೆ ಪಟ್ಟಿಯಿಂದ ಹೆಸರು ತೆಗೆದು ಮತ್ತೆ ಕೊನೆಗೆ ಸೇರಿಸುತ್ತಾರೆ.

ಇವರ ಕಾರ್ಖಾನೆಯಲ್ಲಿ ಇನ್ನೊಂದು ನಿಯಮವಿದೆ. ಸಿಗರೇಟು ಸೇದಿದವರು ನೀರು ಕುಡಿದು ಅರ್ಧ ಗಂಟೆ ಹೊರಗೆ ಕಾಯಬೇಕು, ಆಮೇಲೇ ಚಿಪ್ ಮಾಡುವ ಕೋಣೆಗೆ ಪ್ರವೇಶ. ಸೇದಿದವನ ಉಸಿರಿನ ಕಣ ಬಿದ್ದರೂ ಚಿಪ್ ಹಾಳಂತೆ. ಇಷ್ಟು ವರ್ಷ ಇವರು ಚಿಪ್ಪಿಗೆ ಆ ಮರ್ಯಾದೆ ಕೊಟ್ಟರು. ಹೆಂಡತಿಗೆ ಒಂದು ದಿನವೂ ಕೊಡಲಿಲ್ಲ.

ತೋಳಿಗೆ ಅಂಟಿಸುವ ನಿಕೋಟಿನ್ ಪ್ಯಾಚು, ಚೂಯಿಂಗ್ ಗಮ್ಮು ಎಲ್ಲ ಹಿಂದೆಯೇ ಆಗಿಹೋಗಿದ್ದವು. ಪ್ಯಾಚು ಅಂಟಿಸಿಕೊಂಡ ತೋಳಿನ ತುದಿಯಲ್ಲೇ ಸಿಗರೇಟು ಉರಿಯುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಇವರು "ವೇಪ್ ಟ್ರೈ ಮಾಡ್ತೀನಿ, ಆ ಬ್ಯಾಟರಿ ಸಿಗರೇಟು" ಅಂದಾಗ ನಾನೂ ಅಂಗಡಿಗೆ ಹೊರಟೆ. ಒಬ್ಬರನ್ನೇ ಕಳಿಸುವಷ್ಟು ನಂಬಿಕೆ ನನಗಿರಲಿಲ್ಲ.

ಅಂಗಡಿಯ ಓರ್ಲಾ ನನ್ನ ವಯಸ್ಸಿನ ಹೆಂಗಸು, ಇಪ್ಪತ್ತು ವರ್ಷ ಸೇದಿ ಬಿಟ್ಟವಳು. ಇವರನ್ನು ಮೊದಲು ಒಂದೇ ಪ್ರಶ್ನೆ ಕೇಳಿದಳು. "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?"

"ಟೀಗೆ ಮುಂಚೆ," ಅಂದರು ಇವರು, ತಲೆ ತಗ್ಗಿಸಿ.

"ಹಾಗಾದ್ರೆ ಕಮ್ಮಿ ನಿಕೋಟಿನ್‌ದು ತಗೊಂಡ್ರೆ ಆಗಲ್ಲ. ಎರಡು ದಿನಕ್ಕೆ ವಾಪಸ್ ಸಿಗರೇಟಿಗೇ ಹೋಗ್ತೀರಿ." ಅವಳು ಸಣ್ಣ ಬಾಟಲಿಯೊಂದನ್ನು ಮುಂದಿಟ್ಟಳು. "ಇಪ್ಪತ್ತು ಮಿಲಿಗ್ರಾಂದು. ಕಾನೂನು ಇದಕ್ಕಿಂತ ಜಾಸ್ತಿ ಬಿಡಲ್ಲ. ಆಸೆ ಹಿಡಿತಕ್ಕೆ ಬಂದ ಮೇಲೆ ಹನ್ನೆರಡು, ಆಮೇಲೆ ಆರು, ಆಮೇಲೆ ಸೊನ್ನೆ. ಆತುರ ಬೇಡ."

ನನಗೆ ರೇಗಿತು. "ಇದೂ ನಿಕೋಟಿನ್ನೇ ತಾನೆ? ಇದಕ್ಕೆ ಬಿಡೋದು ಅಂತಾರಾ?"

"ಕಟ್ಟಿಹಾಕೋದು ನಿಕೋಟಿನ್ನು, ನಿಜ," ಅಂದಳು ಓರ್ಲಾ, ಬೇಸರ ಮಾಡಿಕೊಳ್ಳದೆ. "ಆದ್ರೆ ಹೆಚ್ಚು ಹಾಳು ಮಾಡೋದು ಸುಟ್ಟ ಹೊಗೆ. ಇದ್ರಲ್ಲಿ ಏನೂ ಸುಡಲ್ಲ, ಬಿಸಿಯಾಗಿ ಆವಿ ಆಗುತ್ತೆ ಅಷ್ಟೆ. ಹಾಗಂತ ಇದು ಒಳ್ಳೇದು ಅಂತಲ್ಲ. ನೀವು ಸೇದಲ್ಲ ಅಲ್ವಾ? ನೀವು ಇದನ್ನ ಮುಟ್ಟಲೂ ಬೇಡಿ."

ಬಣ್ಣಬಣ್ಣದ, ಸೇದಿ ಬಿಸಾಕುವ ಕಡ್ಡಿಗಳನ್ನು ಅವಳು ಪಕ್ಕಕ್ಕೆ ಸರಿಸಿದಳು. ಚಾರ್ಜ್ ಮಾಡಿ, ದ್ರವ ತುಂಬಿಸಿ ಮತ್ತೆ ಮತ್ತೆ ಬಳಸುವ ಸಾಧನವನ್ನು ಬಿಚ್ಚಿ ತೋರಿಸಿದಳು. ಒಳಗೆ ತಂತಿಯ ಸುರುಳಿ, ಅದರ ನಡುವೆ ಹತ್ತಿ. ದ್ರವ ತುಂಬಿದ ಮೇಲೆ ಹತ್ತಿ ನೆನೆಯಲು ಹತ್ತು ನಿಮಿಷ ಬಿಡಬೇಕು. ಒಣ ಹತ್ತಿಗೆ ಬಿಸಿ ತಗುಲಿದರೆ ಸೀದು ಬಾಯೆಲ್ಲ ಕಹಿಯಾಗುತ್ತದೆ, ಆಗ ಸುರುಳಿ ಬದಲಿಸಬೇಕು. ಬಾಟಲಿಯಲ್ಲಿ ಎರಡು ಬಗೆಯ ದ್ರವವಿರುತ್ತದೆ, ಒಂದು ಗಂಟಲಿಗೆ ಸಿಗರೇಟಿನ ಪೆಟ್ಟು ಕೊಡುತ್ತದೆ, ಇನ್ನೊಂದು ದಪ್ಪ ಆವಿ ಕೊಡುತ್ತದೆ. ಇವರಿಗೆ ಪೆಟ್ಟು ಬೇಕಿತ್ತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಾನು ಹೇಳಿದ ಯಾವ ಮಾತನ್ನೂ ಇವರು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಮೊದಲು ತಂದದ್ದು ತಂಬಾಕಿನ ರುಚಿಯದು. "ಇದನ್ನ ಎಳೀತಿದ್ರೆ ನಿಜವಾದದ್ದೇ ನೆನಪಾಗುತ್ತೆ" ಎಂದು ನಾಲ್ಕನೇ ದಿನಕ್ಕೆ ಮಾವಿನಹಣ್ಣಿನದಕ್ಕೆ ಬದಲಾಯಿಸಿದರು. ಜನವರಿಯ ಚಳಿಯಲ್ಲಿ ನನ್ನ ಹಜಾರದ ತುಂಬ ರಸಪುರಿ ಹಣ್ಣು ಕೊಳೆತ ಹಾಗೆ ವಾಸನೆ. ಹಿತ್ತಲಿಗೆ ಹೋಗಿ ಎಳೆಯಿರಿ ಎಂದು ಕಳಿಸಿದೆ. ಹಿತ್ತಲಿಗೆ ಹೋದರೆ ಅಲ್ಲಿ ಸಿಗರೇಟು ಸೇದಿ, ಮಾವಿನ ವಾಸನೆಯಲ್ಲಿ ಮುಚ್ಚಿಹಾಕಿಕೊಂಡು ಬರುತ್ತಾರೆಂಬ ಅನುಮಾನ. ದಿನಾ ಸಂಜೆ ಬಾಗಿಲಲ್ಲೇ ಕೈ ಚಾಚಿ "ಕೋಟು ಕೊಡಿ" ಅನ್ನುತ್ತಿದ್ದೆ. ಇವರು ಮಾತಾಡದೆ ಕೊಡುತ್ತಿದ್ದರು. ನಾನು ಜೇಬುಗಳನ್ನು ತಡಕುತ್ತಿದ್ದೆ, ಕಾಲರು ಮೂಸುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಸಿಗದಿದ್ದರೆ ಇನ್ನೂ ಜಾಣರಾಗಿದ್ದಾರೆ ಎಂದುಕೊಳ್ಳುತ್ತಿದ್ದೆ.

ಆ ವಾಸನೆ ಹೋಗಲೆಂದು ದಿನಾ ಸಂಜೆ ಸಾಂಬ್ರಾಣಿ ಹಾಕತೊಡಗಿದೆ. ಮೈಸೂರಿನಲ್ಲಿ ಶುಕ್ರವಾರಕ್ಕೊಮ್ಮೆ ಹಾಕುತ್ತಿದ್ದದ್ದು. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಇದ್ದಿಲಿನ ಬಿಲ್ಲೆಗಳ ಪ್ಯಾಕೆಟ್ಟು ಸಿಗುತ್ತದೆ. ಹೊತ್ತಿಸಿ, ಹಿತ್ತಾಳೆಯ ಧೂಪದ ಬಟ್ಟಲಲ್ಲಿಟ್ಟು, ಮೇಲೆ ಪುಡಿ ಉದುರಿಸಿದರೆ ಮನೆಯೆಲ್ಲ ಘಮ. ಕಿಟಕಿ ತೆಗೆಯುವ ಪ್ರಶ್ನೆಯೇ ಇಲ್ಲ, ಅಷ್ಟು ಚಳಿ. ಗಾಳಿಯಾಡಲೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗೂ ಹಳೇ ಸ್ವೆಟರು ತುರುಕಿದ್ದೆ. ವಿಷಗಾಳಿ ಬಂದರೆ ಕೂಗಬೇಕಾದ ಅಲಾರಮ್ಮು ಬ್ಯಾಟರಿ ಮುಗಿದು ಕುಯ್ ಕುಯ್ ಅನ್ನುತ್ತಿತ್ತೆಂದು ಅದನ್ನೂ ಕಳಚಿ ಡ್ರಾಯರಿಗೆ ಹಾಕಿದ್ದೆ. ಸಂಜೆಯಾದರೆ ನನಗೆ ತಲೆ ಸಿಡಿಯುತ್ತಿತ್ತು. ಮಾವಿನಹಣ್ಣಿನ ಕಾಟವೆಂದು ಇವರನ್ನೇ ಬೈಯುತ್ತಿದ್ದೆ.

ತಪಾಸಣೆಯ ದಿನ ನಲವತ್ತೆರಡನೇ ದಿನ. ಒಳ್ಳೇ ಕೆಲಸಕ್ಕೆ ಹೊರಟಿದ್ದೇವೆಂದು ಬೆಳಿಗ್ಗೆ ಇಬ್ಬರಿಗೂ ಎಣ್ಣೆ ಸ್ನಾನ ಆಯಿತು. ಎರಡು ಬಿಲ್ಲೆ ಹೊತ್ತಿಸಿ, ಸಾಂಬ್ರಾಣಿ ಹೊಗೆಗೆ ತಲೆ ಕೊಟ್ಟು ಒಣಗಿಸಿಕೊಂಡೆವು. ಇವರದು ಬೊಕ್ಕ ತಲೆ, ಬೇಗ ಮುಗಿಯಿತು. ನನಗೆ ಇನ್ನೂ ಸೊಂಟದುದ್ದ ಕೂದಲು, ಅರ್ಧ ಗಂಟೆ ಬಟ್ಟಲ ಮೇಲೆ ಬಗ್ಗಿ ಕೂತಿದ್ದೆ. ಎದ್ದಾಗ ಸ್ವಲ್ಪ ತಲೆ ಸುತ್ತಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ನರ್ಸ್ ಗ್ರೋನ್ಯಾ ತೂಕ, ಬಿ.ಪಿ. ನೋಡಿ, ಅಂಗೈಯಗಲದ ಯಂತ್ರಕ್ಕೆ ಹೊಸ ಕೊಳವೆ ಸಿಕ್ಕಿಸಿ ಇವರ ಕೈಗೆ ಕೊಟ್ಟಳು. ಇವರು ಹದಿನೈದು ಸೆಕೆಂಡು ಉಸಿರು ಹಿಡಿದು ನಿಧಾನಕ್ಕೆ ಊದಿದರು. ಅಂಕಿ ಏರತೊಡಗಿತು. ಐದು. ಎಂಟು. ಕೆಂಪು ದೀಪ ಹತ್ತಿತು. ಹನ್ನೆರಡಕ್ಕೆ ನಿಂತಿತು.

ಗ್ರೋನ್ಯಾಳ ಮುಖ ಸಣ್ಣದಾಯಿತು. "ಸತ್ಯವಾಗ್ಲೂ ನಾನು ಸೇದಿಲ್ಲ," ಎಂದು ಇವರು ಇಂಗ್ಲಿಷಿನಲ್ಲಿ ಅವಳಿಗೆ ಹೇಳಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅದನ್ನೇ ಹೇಳಿದರು. ನನ್ನ ಕಡೆ ತಿರುಗಿದ್ದೇ ತಪ್ಪಾಯಿತು.

ಅಲ್ಲಿ ಯಾರಿಗೂ ಕನ್ನಡ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. "ನಾಚ್ಕೆ ಆಗಲ್ವೇನ್ರೀ ನಿಮ್ಗೆ? ಹದಿನಾರು ತಿಂಗಳು ಕಾದಿದ್ದು ಇದಕ್ಕಾ? ನಿಮ್ಮ ಹೊಟ್ಟೆ ಹಿಡ್ಕೊಂಡು ಮೆಟ್ಲು ಹತ್ತಿಸೋಳು ನಾನು, ಷೂ ಲೇಸ್ ಕಟ್ಟೋಳು ನಾನು. ಮಾವಿನಹಣ್ಣಂತೆ! ಆ ಹೊಗೆಬತ್ತಿ ನಾಟಕ ನಂಗೆ ಮೊದಲೇ ಗೊತ್ತಿತ್ತು. ಮೂವತ್ತು ವರ್ಷದ ಸುಳ್ಳುಬುರುಕರು ನೀವು!"

ಇವರು ಯಂತ್ರವನ್ನು ಮೇಜಿನ ಮೇಲಿಟ್ಟು ಬೆಲ್ಟನ್ನು ಸರಿಮಾಡಿಕೊಂಡು ಕೂತರು. ಕಣ್ಣು ಕೆಂಪಾಗಿತ್ತು. ಸಿಕ್ಕಿಬಿದ್ದಾಗೆಲ್ಲ ಜೋರು ಮಾಡುವ ಮನುಷ್ಯ ಅಂದು ಸುಮ್ಮನಿದ್ದದ್ದು ನೋಡಿ ನನಗೆ ಒಳಗೆ ಎಲ್ಲೋ ಅಳುಕಿತು, ಆದರೂ ಬಾಯಿ ನಿಲ್ಲಲಿಲ್ಲ.

"ಆಂಟಿ, ಒಂದ್ನಿಮಿಷ," ಎಂದಿತು ಪರದೆಯಾಚೆಯ ದನಿ. ಪರದೆ ಸರಿಸಿ ಡಾಕ್ಟರ್ ಸುಹಾಸ್ ಒಳಗೆ ಬಂದರು. ಸರ್ಜನ್ನಿನ ತಂಡದವರು, ಹಾಸನದವರಂತೆ, ಅಷ್ಟು ಹೊತ್ತೂ ಪಕ್ಕದಲ್ಲೇ ಕೂತು ಬರೆಯುತ್ತಿದ್ದರಂತೆ. ನಾನು ಹೇಳಿದ ಒಂದೊಂದು ಪದವೂ ಅವರಿಗೆ ತಲುಪಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ನಕ್ಕಿದ್ದರೆ ಚೆನ್ನಾಗಿತ್ತು. ನಗದೆ, ನನ್ನ ಶಾಲಿನ ಹತ್ತಿರ ಮೂಗರಳಿಸಿದರು. "ಸಾಂಬ್ರಾಣಿ ಅಲ್ವಾ? ನಮ್ಮಜ್ಜಿ ಮನೆ ನೆನಪಾಯ್ತು. ಇವತ್ತು ಹಾಕಿದ್ರಾ?"

"ಬೆಳಿಗ್ಗೆ. ತಲೆ ಒಣಗಿಸ್ಕೊಳ್ಳೋಕೆ."

"ಕೆಂಡ ಎಲ್ಲಿಂದ?"

"ಇದ್ದಿಲು ಬಿಲ್ಲೆ."

"ಕಿಟಕಿ?"

ನಾನು ಶಾಲನ್ನು ಬಿಗಿಯಾಗಿ ಹೊದ್ದುಕೊಂಡೆ. ಅವರು ಯಂತ್ರಕ್ಕೆ ಬೇರೆ ಕೊಳವೆ ಹಾಕಿ ನನ್ನ ಮುಂದೆ ಹಿಡಿದರು. "ಊದಿ ತೋರಿಸಿ, ಆಂಟಿ."

"ನಾನಾ? ನಾನು ಸಿಗರೇಟು ಸೇದ್ತೀನಾ? ನಮ್ಮ ಮನೆತನದಲ್ಲೇ ಹೆಂಗಸ್ರು..."

"ಸುಮ್ನೆ ಊದಿ."

ಊದಿದೆ. ಕೆಂಪು ದೀಪ ಹತ್ತಲು ನನಗೆ ಇವರಷ್ಟೂ ಹೊತ್ತು ಬೇಕಾಗಲಿಲ್ಲ. ಅಂಕಿ ಇಪ್ಪತ್ತೊಂದಕ್ಕೆ ಹೋಗಿ ನಿಂತಿತು.

ಗ್ರೋನ್ಯಾ ಬಗ್ಗಿ ನೋಡಿ, "ದಿನಕ್ಕೊಂದು ಪ್ಯಾಕ್ ಸೇದೋರದು ಹೀಗಿರುತ್ತೆ," ಅಂದಳು. ಸುಹಾಸ್ ವಿವರಿಸಿದರು. ಈ ಯಂತ್ರ ಹಿಡಿಯುವುದು ಏನೋ ಸುಟ್ಟಾಗ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವೇಪಿನಲ್ಲಿ ಏನೂ ಸುಡುವುದಿಲ್ಲ, ಆದ್ದರಿಂದ ಅದು ಯಂತ್ರಕ್ಕೆ ಸಿಗುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಸೇದದವರ ರಕ್ತಕ್ಕೂ ಅದು ಏರುತ್ತದೆ. ತಲೆನೋವು ಬರುತ್ತಿತ್ತಾ ಎಂದು ಕೇಳಿದರು. ಹೌದೆಂದು ತಲೆಯಾಡಿಸಿ, ಕಿಂಡಿಗೆ ತುರುಕಿದ ಸ್ವೆಟರು, ಕಳಚಿಟ್ಟ ಅಲಾರಮ್ಮು ಎಲ್ಲವನ್ನೂ ಒಪ್ಪಿಕೊಂಡೆ. ಆಗ ಅವರ ದನಿ ಗಟ್ಟಿಯಾಯಿತು. "ಇದು ತಮಾಷೆ ಅಲ್ಲ ಆಂಟಿ. ಇನ್ನೂ ಎರಡು ಬಿಲ್ಲೆ ಹಾಕಿದ್ರೆ ಇಬ್ರೂ ಎದ್ದೇಳ್ತಾನೇ ಇರ್ಲಿಲ್ಲ. ಮನೆಗೆ ಹೋಗಿ ಮೊದಲು ಆ ಅಲಾರಂ ಹಾಕಿ. ಈಗ ಹೊರಗೆ ಗಾಳೀಲಿ ಓಡಾಡಿ, ತಲೆ ಸುತ್ತಿದ್ರೆ ತಕ್ಷಣ ಬನ್ನಿ. ನಾಲ್ಕೂವರೆಗೆ ಇನ್ನೊಂದ್ಸಲ ಊದಿಸ್ತೀನಿ. ಅಲ್ಲಿವರೆಗೂ ಅಂಕಲ್ ಹೆಸರು ಲಿಸ್ಟಲ್ಲೇ ಇರುತ್ತೆ."

ಆಸ್ಪತ್ರೆಯ ಹಿಂದಿನ ಕಾಲುವೆ ದಂಡೆಯಲ್ಲಿ ನಡೆದೆವು, ಕೂತೆವು, ಮತ್ತೆ ನಡೆದೆವು. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು.

ಇವರೇ ಮಾತು ಶುರು ಮಾಡಿದರು. "ಹದಿನೇಳನೇ ದಿನ ತುಂಬಾ ಕಷ್ಟ ಆಯ್ತು ಕಣೇ. ಕಾರ್ಖಾನೆ ಗೇಟ್ ಹತ್ರ ನಮ್ಮ ಜೊತೆ ಕೆಲ್ಸ ಮಾಡೋ ಚಾಮರಾಜ ಸಿಗರೇಟ್ ಪ್ಯಾಕೆಟ್ ಮುಂದೆ ಚಾಚಿದ. ಕೈ ಹೋಗಿತ್ತು. ವಾಪಸ್ ತಗೊಂಡೆ. ಮನೆಗೆ ಬಂದು ನಿಂಗೆ ಹೇಳ್ಬೇಕು ಅಂತ ಓಡಿ ಬಂದೆ. ನೀನು ಬಾಗಿಲಲ್ಲಿ ಕೋಟು ಕೇಳಿದೆ."

ನನಗೆ ಅಳು ಬಂತು, ಅತ್ತೆ. ಬಾತುಕೋಳಿಗೆ ಬ್ರೆಡ್ಡು ಹಾಕುತ್ತಿದ್ದ ಮುದುಕ ತಿರುಗಿ ನೋಡಿದ. "ತಪ್ಪಾಯ್ತು ರೀ," ಅಂದೆ. "ಒಂಬತ್ತು ಸಲ ಸುಳ್ಳಾದ್ರೆ ಹತ್ತನೇದೂ ಸುಳ್ಳೇ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ."

"ಒಂಬತ್ತು ಸಲದ್ದು ನಿಜ ತಾನೆ," ಅಂದರು ಇವರು. ಜೇಬಿನಿಂದ ಆ ಸಾಧನ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅಷ್ಟು ದಿನ ನಾನು ಅದನ್ನು ಮುಟ್ಟಿಯೂ ಇರಲಿಲ್ಲ. ಕಿಟಕಿಯಂಥ ಸಣ್ಣ ಗಾಜಿನಲ್ಲಿ ದ್ರವ ಎಷ್ಟಿದೆ ಎಂದು ತೋರಿಸಿದರು. ಸುರುಳಿಯನ್ನು ಹೇಗೆ ಬದಲಿಸುವುದು, ಹತ್ತು ನಿಮಿಷ ಹೇಗೆ ಕಾಯುವುದು, ಎಲ್ಲವನ್ನೂ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹೇಳುವ ಹಾಗೆ ಹೇಳಿದರು. ಬಾಟಲಿಯ ಮೇಲೆ ಹನ್ನೆರಡು ಎಂದಿತ್ತು. ಇಪ್ಪತ್ತರಿಂದ ಇಳಿದು ಹತ್ತು ದಿನವಾಗಿತ್ತು, ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ನಾಲ್ಕೂವರೆಗೆ ಇವರು ಮತ್ತೆ ಉಸಿರು ಹಿಡಿದರು. ನಾನೂ ಜೊತೆಗೇ ಹಿಡಿದೆ. ಊದಿದರು. ಎರಡು. ಮೂರು. ನಾಲ್ಕು. ಅಲ್ಲೇ ನಿಂತಿತು, ಹಸಿರು ದೀಪ ಹತ್ತಿತು. "ಗ್ರ್ಯಾಂಡ್!" ಎಂದಳು ಗ್ರೋನ್ಯಾ. ಫೆಬ್ರವರಿ ಹನ್ನೆರಡು ಎಂದು ಸುಹಾಸ್ ಆಪರೇಷನ್ನಿನ ತಾರೀಕು ಬರೆದುಕೊಟ್ಟರು. ಆ ದಿನದೊಳಗೆ ವೇಪನ್ನೂ ಆದಷ್ಟು ಇಳಿಸಿ, ಆಮೇಲೆ ಅದೂ ಪೂರ್ತಿ ಬೇಡ ಎಂದರು. ಇವರು ಚೀಟಿಯನ್ನು ಎರಡು ಸಲ ಓದಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಅಷ್ಟಕ್ಕೇ ಬಿಡದೆ ನನ್ನನ್ನೂ ಊದಿಸಿದರು. ಎಂಟು. ಕೆಂಪು.

"ಅಂಕಲ್ ಪಾಸು," ಅಂದರು ಸುಹಾಸ್, ಆ ದಿನ ಮೊದಲ ಸಲ ನಗುತ್ತ. "ಆಂಟಿ ಇನ್ನೂ ಸೇದೋರ ಲೆಕ್ಕದಲ್ಲೇ ಇದ್ದಾರೆ."

ಮನೆ ತಲುಪಿ ಕಾರಿನಿಂದ ಇಳಿದೆವು. ಇವರು ನನಗಿಂತ ಮುಂದೆ ಹೋಗಿ ಬೀಗ ತೆಗೆದು ಬಾಗಿಲಿಗೆ ಅಡ್ಡ ನಿಂತರು. ಬೆಲ್ಟಿನ ಮೇಲೆ ಒಂದು ಕೈ, ಇನ್ನೊಂದು ಕೈ ನನ್ನ ಮುಂದೆ ಚಾಚಿತ್ತು.

"ಬ್ಯಾಗ್ ಕೊಡು."

ಹಿಂದಿನ ದಿನ ತಂದ ಇದ್ದಿಲು ಬಿಲ್ಲೆಯ ಹೊಸ ಪ್ಯಾಕೆಟ್ಟು ಇನ್ನೂ ಅದರಲ್ಲೇ ಇತ್ತು. ನಾನು ಮಾತಾಡದೆ ಕೊಟ್ಟೆ.