ಕುಹ್ಮೊಗೆ ಹೊರಡುವ ಹತ್ತನೆಯ ಏರ್ಪಾಡು

೧

ಎಲ್ಲಿಂದ ಶುರು ಮಾಡಲಿ? ರೈಲಿನಿಂದ ಶುರು ಮಾಡಿದರೆ ಹಿಲ್ಕಾ ಹೊರಟೇಬಿಟ್ಟಳು ಅಂದುಕೊಳ್ಳುತ್ತೀರಿ. ಕಾಡಿನಿಂದ ಶುರು ಮಾಡಿದರೆ ತಲುಪಿಯೇಬಿಟ್ಟಳು ಅಂದುಕೊಳ್ಳುತ್ತೀರಿ. ಅವಳು ಹೊರಟೂ ಇಲ್ಲ, ತಲುಪಿಯೂ ಇಲ್ಲ. ಲಾಹ್ತಿಯ ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ ರೈಲಿನ ವೇಳಾಪಟ್ಟಿ ಹರಡಿಕೊಂಡು ಕೂತಿದ್ದಾಳೆ. ವಯಸ್ಸು ಎಪ್ಪತ್ತೊಂದು. ಮೇಜಿನ ಮೇಲೆ ಅರ್ಧ ಕಿಲೋ ಕಾಫಿಪುಡಿಯ ಪೊಟ್ಟಣ, ಅದರ ಪಕ್ಕ ಒಂದು ಕತ್ತರಿ.

(ಕತ್ತರಿಯನ್ನು ನೆನಪಿಟ್ಟುಕೊಳ್ಳಿ ಎನ್ನುವುದು ಕಳ್ಳ ಲೇಖಕರ ಲಕ್ಷಣ. ನಾನು ಹಾಗೆ ಹೇಳುವವಳಲ್ಲ. ಹೇಳಿಯಾಯಿತಲ್ಲ, ಹೋಗಲಿ.)

ಒಂಬತ್ತು ವರ್ಷ ಇದೇ ನಡೆಯಿತು. ಅಕ್ಟೋಬರ್ ಬಂತೆಂದರೆ ದೂರದ ಉತ್ತರದ ಹುಟ್ಟೂರು ಕುಹ್ಮೊದಲ್ಲಿದ್ದ ಅಣ್ಣ ಔಲಿಸ್‌ಗೆ ಒಂದು ಕಾರ್ಡು ಬರೆಯುತ್ತಿದ್ದಳು: "ಈ ಸಲ ಬರ್ತೀನಿ." ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದಲ್ಲ, ಕಾಫಿಪುಡಿ ತರುತ್ತಿದ್ದಳು. ಕಯಾನಿಯವರೆಗೆ ರೈಲು, ಅಲ್ಲಿಂದ ಕುಹ್ಮೊಗೆ ಬಸ್ಸು, ಎಲ್ಲ ಚೀಟಿಯಲ್ಲಿ ಬರೆದಿಡುತ್ತಿದ್ದಳು. ಆಮೇಲೆ ಮಂಡಿನೋವು, ಆಮೇಲೆ ಜಾರುವ ರಸ್ತೆ, ಆಮೇಲೆ ನವೆಂಬರ್. ಕ್ರಿಸ್‌ಮಸ್‌ಗೆ ನಾಲ್ಕು ವಾರ ಇದೆ ಎನ್ನುವ ಭಾನುವಾರ ಕತ್ತರಿ ತಂದು, ಪೊಟ್ಟಣದ ಮೂಲೆ ಕತ್ತರಿಸಿ, ಅಣ್ಣನ ಕಾಫಿಯನ್ನು ತಾನೇ ಕುಡಿಯುತ್ತಿದ್ದಳು. ಮೇಲಿನ ಮಹಡಿಯಿಂದ ಇಳಿದುಬಂದು ನಾನೂ ಕುಡಿದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕಳೆದ ಮಾರ್ಚ್ ತಿಂಗಳಲ್ಲಿ ಔಲಿಸ್ ತೀರಿಕೊಂಡ. ಈ ಸಲ ಕಾರ್ಡು ಬರೆಯೋಣವೆಂದರೆ ಅಲ್ಲಿ ಯಾರೂ ಇಲ್ಲ. ಆದರೂ ಹತ್ತನೆಯ ಪೊಟ್ಟಣ ಬಂದು ಕೂತಿದೆ.

೨

ಮೊದಲ ಡ್ರಾಫ್ಟಿನಲ್ಲಿ ಕುಹ್ಮೊದ ಬಗ್ಗೆ ಒಂದಿಡೀ ಪುಟ ಬರೆದೆ. ಊರಿನ ಸುತ್ತ ಕಾಡು, ಕಾಡಿನ ನಡುವೆ ಕೆರೆ, ಕೆರೆಯಾಚೆ ಮತ್ತೆ ಕಾಡು. ಹಿಲ್ಕಾ ಓದಿ ಕನ್ನಡಕ ತೆಗೆದಿಟ್ಟಳು.

"ಇದೇನು, ಕ್ಯಾಲೆಂಡರಾ? ಆ ಕಾಡಲ್ಲಿ ಸೊಳ್ಳೆ ಹೊಡ್ಕೊಂಡು ಹಣ್ಣು ಬಿಡಿಸಿದೀನಿ ನಾನು. ಚಂದ ಅಂತ ಆಗ ಒಬ್ರೂ ಹೇಳಿರ್ಲಿಲ್ಲ."

ಪುಟ ಹರಿದೆ.

೨, ಇನ್ನೊಮ್ಮೆ

ಅಣ್ಣತಂಗಿ ಒಂಬತ್ತು ವರ್ಷ ಮುಖ ನೋಡಲಿಲ್ಲ ಅಂದರೆ ನೀವು ಕಾರಣ ಕೇಳುತ್ತೀರಿ. ಅದಕ್ಕೇ ಒಂದು ಜಗಳ ಹುಟ್ಟಿಸಿದೆ. ಔಲಿಸ್‌ನ ಕೈಯಲ್ಲಿ ಮೇಜು ಗುದ್ದಿಸಿದೆ.

"ಔಲಿಸ್ ಮೇಜು ಗುದ್ದಿದ್ನಾ? ಅವ್ನಿಗೆ ನೊಣ ಓಡಿಸೋಕೂ ಸಂಕೋಚ. ಅಳಿಸು."

"ಮತ್ತೆ ಆಗಿದ್ದೇನು, ಹೇಳಿ."

"ಏನೂ ಆಗ್ಲಿಲ್ಲ ಕಣೇ. ಅದೇ ಕಷ್ಟ."

ಒತ್ತಾಯಿಸಿದ ಮೇಲೆ ಹೇಳಿದಳು. ಅವಳು ಕೊನೆಯ ಸಲ ಊರಿಗೆ ಹೋದದ್ದು ಅಮ್ಮನನ್ನು ಮಣ್ಣು ಮಾಡಿದ ದಿನ. ಅವತ್ತು ಔಲಿಸ್ ತಂಗಿಗಾಗಿ ಸೌನಾ ಕಾಯಿಸಲು ಹೋದ. ದೂರದಿಂದ ಬಂದವರಿಗೆ ಅಲ್ಲಿ ಮೊದಲ ಉಪಚಾರ ಆ ಹಬೆಸ್ನಾನವೇ. ಇವತ್ತು ಉಳಿದುಕೋ ಎಂದು ಬಾಯಿಬಿಟ್ಟು ಹೇಳಲಿಲ್ಲ. ಸೌದೆ ಹೊತ್ತಿಸಿದ, ಅಷ್ಟೇ. ಹಿಲ್ಕಾ ನಾಲ್ಕೂವರೆಯ ಬಸ್ಸು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಿದರೆ ಕೆರೆದಂಡೆಯ ಸೌನಾದ ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು.

"ಇಳಿದು ವಾಪಸ್ ಹೋಗ್ಬಹುದಿತ್ತು," ಎಂದಳು. "ಡ್ರೈವರ್ ಪರಿಚಯದವ್ನೇ. ಒಂದು ಮಾತು ಹೇಳಿದ್ರೆ ನಿಲ್ಲಿಸ್ತಿದ್ದ."

ಜಗಳದ ಪುಟವನ್ನೂ ಹರಿದೆ. ಹೆಸರಿಗೆ ಮಾತ್ರ ಲೇಖಕಿ.

೪

(ಮೂರು ಎಲ್ಲಿ ಅಂತೀರಾ? ಮೂರರಲ್ಲಿ ಔಲಿಸ್‌ನನ್ನು ಮಣ್ಣು ಮಾಡಿದ ದಿನ ಇತ್ತು. ಹಿಲ್ಕಾ ಅದನ್ನು ಓದದೆಯೇ ವಾಪಸ್ಸು ಕೊಟ್ಟಳು. ಅದಕ್ಕೂ ಅವಳು ಹೋಗಿರಲಿಲ್ಲ, ಮಾರ್ಚ್ ತಿಂಗಳಲ್ಲಿ ಅವಳ ಕಾಲು ಪ್ಲಾಸ್ಟರಿನಲ್ಲಿತ್ತು. ಇಷ್ಟು ವರ್ಷದಲ್ಲಿ ಅವಳು ಕೊಟ್ಟ ನಿಜವಾದ ಕಾರಣ ಅದೊಂದೇ. ಅದನ್ನೇ ಯಾರೂ ನಂಬಲಿಲ್ಲ.)

ಕಥೆ ಇಲ್ಲಿಗೇ ಕೆಟ್ಟು ನಿಲ್ಲುತ್ತಿತ್ತು. ಅಷ್ಟರಲ್ಲಿ ಶನಿವಾರ ಓಸ್ಮೊ ಫೋನ್ ಮಾಡಿದ. ಓಸ್ಮೊ ಔಲಿಸ್‌ನ ಪಕ್ಕದ ಮನೆಯವನು, ಹಿಲ್ಕಾಳ ಜೊತೆ ಒಂದೇ ಶಾಲೆಗೆ ಹೋದವನು. ಮನೆಯ ಬೀಗದ ಕೈ ಈಗ ಅವನ ಹತ್ತಿರ ಇದೆ.

"ಬದುಕಿದೀಯಾ?"

"ಫೋನ್ ಎತ್ತಿದ್ದು ದೆವ್ವ ಅಂದ್ಕೊಂಡ್ಯಾ?"

"ಚಿಮಣಿ ಗುಡಿಸೋನು ಗುರುವಾರ ಬರ್ತಾನೆ. ಒಲೆಗಳೆಲ್ಲ ಖಾಲಿ ಇರ್ಬೇಕಂತೆ. ಸೌನಾ ಒಲೇಲಿ ಸೌದೆ ಇದೆ, ಹಿಲ್ಕಾ."

"ತೆಗೆದ್ಹಾಕು, ಅದಕ್ಕೇನು."

"ನಿಂಗೆ ಅಂತ ಔಲಿಸ್ ಜೋಡಿಸಿಟ್ಟಿದ್ದು ಅದು."

ಓಸ್ಮೊ ಮುಂದುವರಿಸಿದ. ಪ್ರತಿ ವರ್ಷ ಇವಳ ಕಾರ್ಡು ತಲುಪಿದ ದಿನ ಔಲಿಸ್ ಒಲೆ ಗುಡಿಸಿ, ಬರ್ಚ್ ಮರದ ಸೀಳು ಜೋಡಿಸಿ, ಅದರ ಅಡಿಯಲ್ಲಿ ಒಣ ತೊಗಟೆ ಇಟ್ಟು, ಬೆಂಕಿಪೊಟ್ಟಣವನ್ನು ಕಿಟಕಿಯಲ್ಲಿಡುತ್ತಿದ್ದ. "ಬಂದ ತಕ್ಷಣ ಒಂದು ಕಡ್ಡಿ ಗೀರಿದ್ರೆ ಸಾಕು," ಅನ್ನುತ್ತಿದ್ದನಂತೆ. ಆಮೇಲೆ ತಾನು ಅದನ್ನು ಮುಟ್ಟುತ್ತಿರಲಿಲ್ಲ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಪ್ರತಿ ಶನಿವಾರ ಓಸ್ಮೊನ ಸೌನಾಕ್ಕೆ ಬರುತ್ತಿದ್ದ. ಮಳೆಗೆ ತೊಗಟೆ ತೇವ ಹಿಡಿದರೆ ತೆಗೆದು ಬೇರೆ ಇಡುತ್ತಿದ್ದ.

"ಒಂದು ಸಾಲೂ ಬರೀಲಿಲ್ವಲ್ಲೋ ನಂಗೆ," ಎಂದಳು ಹಿಲ್ಕಾ.

"ಅವ್ನು ಬರೀತಾನಾ? ಬುಧವಾರ ಸಂಜೆವರೆಗೂ ಕಾಯ್ತೀನಿ. ಆಮೇಲೆ ತೆಗೀಲೇಬೇಕು. ಬೇಜಾರ್ ಮಾಡ್ಕೋಬೇಡ."

೫

ಈಗ ಕೊನೆಗಳು. ಅದೇ ಸಂಜೆ ಹಿಲ್ಕಾಳ ಮುಂದೆ ಮೂರು ಇಟ್ಟೆ.

ಕೊನೆ ಒಂದು: ಅವಳು ಹೋಗುತ್ತಾಳೆ, ಕಡ್ಡಿ ಗೀರುತ್ತಾಳೆ, ಹಬೆಯಲ್ಲಿ ಕೂತು ಮನಸಾರೆ ಅಳುತ್ತಾಳೆ. (ಬರೆಯುವಾಗ ನನಗೂ ಕಣ್ಣು ತುಂಬಿತು. ಅಂಥ ಪುಟಗಳನ್ನು ನಂಬಬೇಡಿ.)

"ಹೊತ್ತಿಸಿದ್ಮೇಲೆ ಏನು ಉಳಿಯುತ್ತೆ? ಬೂದಿ," ಎಂದಳು. "ಅವನು ನಂಗಾಗಿ ಕಾಯ್ತಾ ಇರೋದು ಈಗ ಆ ಒಲೇಲಿ ಮಾತ್ರ ಕಣೇ. ಅದನ್ನೂ ಸುಟ್ಟು ಬಾ ಅಂತೀಯಲ್ಲ."

ಕೊನೆ ಎರಡು: ಅವಳು ಹೋಗುವುದಿಲ್ಲ. ಬುಧವಾರ ಸಂಜೆ ಓಸ್ಮೊ ಸೌದೆಯನ್ನು ಕೈಗಾಡಿಗೆ ತುಂಬುತ್ತಾನೆ.

"ಅವನ ಕೈ ಒರಟು. ತೊಗಟೆ ಎಲ್ಲ ಪುಡಿ ಮಾಡ್ತಾನೆ," ಎಂದು ಕಾಗದ ಮಗುಚಿಹಾಕಿದಳು.

ಕೊನೆ ಮೂರರಲ್ಲಿ ನಾನು ಮೋಸ ಮಾಡಿದೆ. ಚಿಮಣಿ ಗುಡಿಸುವವನಿಗೆ ಜ್ವರ ಬರುತ್ತದೆ, ಮುಂದಿನ ವರ್ಷ ಬರುತ್ತೇನೆ ಅನ್ನುತ್ತಾನೆ. ಸೌದೆ ಇದ್ದಲ್ಲೇ ಇರುತ್ತದೆ. ಹಿಲ್ಕಾಳ ಮುಖ ಅರಳಿತು.

"ನೋಡು, ಇದು ಕಥೆ! ಮುಂದಿನ ವರ್ಷ ಖಂಡಿತ ಹೋಗ್ತೀನಿ."

ಅವಳ ಕಣ್ಣೆದುರೇ ಅದನ್ನು ಹರಿದೆ. ಒಂಬತ್ತು ವರ್ಷ ಅವಳು ಸಂಸಾರ ಮಾಡಿದ್ದು ಇದೇ ಕೊನೆಯ ಜೊತೆ. ಅದರ ನಂತರ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

೬

ಇವತ್ತು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಹೊರಗೆ ನವೆಂಬರ್, ಆಗಲೇ ಮಂಕು. ನಾಳೆ ಬೆಳಿಗ್ಗೆಯ ರೈಲು ಹಿಡಿದರೆ ಸಂಜೆಯ ಹೊತ್ತಿಗೆ ಕುಹ್ಮೊ. ಅದು ತಪ್ಪಿದರೆ ಮುಗಿಯಿತು.

"ಟಿಕೆಟ್ ತಗೊಂಡ್ರಾ?" ಕೇಳಿದೆ.

"ನೀನೇ ಬರಿ. ಹೋದಳು ಅಂತ ನೀನು ಬರೆದ್ರೆ ಹೋಗ್ತೀನಿ."

"ನಾನು ಬರೆದ್ರೆ ಕಾಗದದ ಮೇಲೆ ಹೋಗ್ತೀರಿ. ನಾಳೆ ಸಂಜೆ ಓಸ್ಮೊ ಕಾಯೋದು ನಿಜವಾದ ಬಸ್ ಸ್ಟ್ಯಾಂಡಲ್ಲಿ."

"ದೊಡ್ಡ ಬುದ್ಧಿವಂತೆ," ಎಂದು ಗೊಣಗಿ ಎದ್ದು ಮಲಗುವ ಕೋಣೆಗೆ ಹೋದಳು. ಚೀಲ ತರಲಿಕ್ಕೋ, ಮಂಡಿಗೆ ಮುಲಾಮು ಹಚ್ಚಿಕೊಳ್ಳಲಿಕ್ಕೋ, ನನಗೆ ಗೊತ್ತಿಲ್ಲ. ಬೀರು ತೆರೆದ ಸದ್ದಾಯಿತು.

"ಹೋಗ್ಬೇಡ, ಅಲ್ಲೇ ಇರು," ಒಳಗಿಂದಲೇ ಕೂಗಿದಳು. "ಒಂದು ಲೋಟ ಕಾಫಿ ಮಾಡ್ತೀನಿ. ಡಬ್ಬಿ ಖಾಲಿಯಾಗಿದೆ, ಆ ಪೊಟ್ಟಣಾನೇ ಒಡೆಯೋಣ."

ಓದುಗರೇ, ನಿಮಗೆ ಕೊನೆ ಬೇಕು. ನನ್ನ ಹತ್ತಿರ ಇಲ್ಲ. ಅವಳನ್ನು ಎತ್ತಿಕೊಂಡು ಹೋಗಿ ರೈಲಿನಲ್ಲಿ ಕೂರಿಸಲು ನನ್ನಿಂದ ಆಗುವುದಿಲ್ಲ. ಹೋಗಬೇಡಿ ಅನ್ನಲು ಬಾಯಿ ಬರುವುದಿಲ್ಲ. ನನ್ನ ಕೈಲಾದದ್ದು ಒಂದೇ, ಮೇಜಿನ ಮೇಲಿದ್ದ ಕತ್ತರಿಯನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಿದ್ದೇನೆ.

ಹಿಲ್ಕಾ ಬಂದಿದ್ದಾಳೆ. ಅದನ್ನೇ ಹುಡುಕುತ್ತಿದ್ದಾಳೆ.