ಬೇಲಿಯಾಚೆಯ ಹೂವು

"ಪೆಟ್ಟಿಗೆಗಳೆಲ್ಲಿ?" ಎಂದು ಸೇಬಿನ ತೋಟದ ಯಜಮಾನ ಮತ್ತೆ ಕೇಳಿದ. ಬಸ್ಸಿಳಿದ ಜೇನಿನವಳ ಕೈಯಲ್ಲಿದ್ದದ್ದು ಒಂದೇ ಒಂದು ಬಟ್ಟೆಯ ಚೀಲ. ಹೂ ಬಿಡುವ ಕಾಲಕ್ಕೆ ಲಾರಿ ತುಂಬ ಜೇನುಪೆಟ್ಟಿಗೆ ಹೇರಿಕೊಂಡು ಗಡಿಬೆಟ್ಟದ ಬುಡದ ಈ ಊರಿಗೆ ಬರುತ್ತಿದ್ದವಳು ಅವಳು. ಹುಳ ಹಾರಾಡಿದರೇ ಇಲ್ಲಿ ಕಾಯಿ.

"ಕಣಿವೆ ಆಚೆ ಕಾಡಂಚಲ್ಲಿ ಇಟ್ಟು ಬಂದೆ. ಅಲ್ಲಿ ಯಾರೂ ವಿಷ ಹೊಡೆಯಲ್ಲ" ಎಂದಳು.

ಆತ ಪೆಚ್ಚಾದ. ಹೂವಿರುವಾಗ ಮದ್ದು ಹೊಡೆಯಬೇಡಿ ಎಂದು ಹೋದ ವರ್ಷ ಆಕೆ ಕೈಮುಗಿದಿದ್ದರೂ ಹಾಡಹಗಲೇ ಹೊಡೆಸಿದ್ದ ಮಹಾನುಭಾವ. ಸಂಜೆಯೊಳಗೆ ಪೆಟ್ಟಿಗೆಗಳ ಮುಂದೆ ಹುಳಗಳ ರಾಶಿ. ಬೊಗಸೆಯಲ್ಲಿ ತುಂಬಿಕೊಂಡು ಹೋಗಿ ತೋರಿಸಿದರೆ, ನೊಣಕ್ಕೂ ಅಳ್ತಾರೇನಮ್ಮ ಎಂದು ಆಳುಗಳೆದುರು ನಕ್ಕಿದ್ದ. ಆ ನಗು ವರ್ಷವಿಡೀ ಅವಳ ಹೊಟ್ಟೆಯೊಳಗೆ ಉರಿಯುತ್ತಿತ್ತು. ಅವನ ತೋಟ ಬರಿದಾಗಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಅಷ್ಟಕ್ಕೇ ಬಂದಿದ್ದಳು.

ತೊಡಕಿದ್ದದ್ದು ಪಕ್ಕದ ತೋಟದ ಅಜ್ಜಿಯದು; ಹುಳವಿಲ್ಲದಿದ್ದರೆ ಅವಳ ಮರಗಳೂ ಬರಿದೇ. ಜೇನಿಗೆ ಬೇಲಿ ಗೊತ್ತೇ? ಅಜ್ಜಿಯ ಬೆರಳೆಣಿಕೆಯ ಮರಗಳಿಗೆಂದು ಪೆಟ್ಟಿಗೆ ಇಟ್ಟರೂ ಹುಳಗಳು ಇವನ ಹೂವಿಗೆ ಹೋಗೇ ಹೋಗುತ್ತವೆ. ಅದಕ್ಕೇ ಹುಳದ ಕೆಲಸವನ್ನು ತಾನೇ ಹಿಡಿದಳು. ಸೇಬಿಗೆ ತನ್ನದೇ ಜಾತಿಯ ಪರಾಗ ಹಿಡಿಯುವುದಿಲ್ಲ, ಬೇರೆ ಜಾತಿಯದು ಬೇಕು. ಅಜ್ಜಿಯ ಹಿತ್ತಲಿನ ಕಾಡುಸೇಬಿನ ಪರಾಗ ಉದುರಿಸಿ ಡಬ್ಬಿಗೆ ತುಂಬಿ, ಏಣಿ ಹತ್ತಿ, ಒಂದೊಂದು ಹೂವಿಗೂ ಕುಂಚದಿಂದ ಸವರಿದಳು. ರಟ್ಟೆ ಬಿದ್ದುಹೋದವು.

ಮರುದಿನ ಬೇಲಿಯಾಚೆಯೂ ಏಣಿಗಳೆದ್ದವು. ಯಜಮಾನ, ಆಳುಗಳು, ಎಲ್ಲರ ಕೈಯಲ್ಲೂ ಕುಂಚ. ಕದ್ದು ನೋಡಿ ಕಲಿತ ವಿದ್ಯೆ! ಕುಂಚ ಕಂಡಿದ್ದ, ಡಬ್ಬಿ ಕಂಡಿರಲಿಲ್ಲ. ಮಾವನಿಂದ ಬಂದ ತೋಟ. ಹುಳ ಏನು ಮಾಡುತ್ತದೆಂದು ಅವನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಒಂದು ಹೂವಿನ ಪುಡಿಯನ್ನು ಅದೇ ಮರದ ಇನ್ನೊಂದು ಹೂವಿಗೆ ಬಲು ಶ್ರದ್ಧೆಯಿಂದ ಸವರುತ್ತಿದ್ದ.

ಅಜ್ಜಿ ದನಿ ತಗ್ಗಿಸಿದಳು. "ಒಂದು ಮಾತು ಹೇಳಬಾರದೇನೇ? ಇಡೀ ತೋಟದ ಫಸಲು ಹೋಗುತ್ತೆ."

"ಹೋಗ್ಲಿ ಅಂತಾನೇ ಬಂದಿರೋದು, ಅಜ್ಜಿ."

ಅಷ್ಟರಲ್ಲಿ ಅವನೇ ಬೇಲಿಯಾಚೆಯಿಂದ ಕೇಳಿದ. ದನಿಯಲ್ಲಿ ಹಳೆಯ ದರ್ಪ ಇರಲಿಲ್ಲ.

"ಹೀಗೇ ಅಲ್ವೇನಮ್ಮ ಮಾಡೋದು?"

ಅವಳು ಕುಂಚ ನಿಲ್ಲಿಸಿ ಅವನನ್ನು ಚೆನ್ನಾಗಿ ನೋಡಿದಳು. ಹೊಟ್ಟೆ ತಣ್ಣಗಾಯಿತು.

"ಹೂಂ, ಹಾಗೇ" ಎಂದಳು.

ಮೇಲಿನ ಕೊಂಬೆ ಎಟುಕದೆ ಆತ ಏಣಿಯ ಇನ್ನೊಂದು ಮೆಟ್ಟಿಲು ಹತ್ತಿದ. ಕೆಳಗೆ ಅವನ ಹೆಂಡತಿ ಏಣಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.